ಹಣ್ಣಿನ ನೊಣ: ಹಾರ್ಮೋನು, ಸಂತಾನ, ಮುಪ್ಪು

ಕೊಳೆಯತೊಡಗಿದ ಹಣ್ಣಿಗೆ ಮುತ್ತುವ, ಎರಡು ಮೂರು ಮಿಲಿಮೀಟರ್ ಉದ್ದದ, ಸಾಮಾನ್ಯವಾಗಿ ಕೆಂಗಣ್ಣಿನ ಸಣ್ಣ ನೊಣಗಳ ಕುಲಕ್ಕೆ ಡ್ರಾಸೊಫಿಲ ಎಂದು ಹೆಸರು. ಈ ನೊಣ ಎಷ್ಟು ಮೊಟ್ಟೆ ಇಡುತ್ತದೆ, ಎಷ್ಟು ದಿನ ಬದುಕುತ್ತದೆ ಎಂಬುದನ್ನು ಮುಖ್ಯವಾಗಿ ಮೂರು ಹಾರ್ಮೋನುಗಳು ತಿದ್ದುತ್ತವೆ: ಮಿದುಳಿನಿಂದ ಬರುವ ಇನ್ಸುಲಿನ್‌ನಂಥ ಪೆಪ್ಟೈಡುಗಳು, ಮಿದುಳಿನ ಹಿಂಬದಿಯ ಗ್ರಂಥಿಯಿಂದ ಬರುವ ಜುವೆನೈಲ್ ಹಾರ್ಮೋನು, ಅಂಡಾಶಯದಲ್ಲಿ ತಯಾರಾಗುವ ಎಕ್ಡೈಸೋನ್. ಮೂರೂ ಹೆಚ್ಚಿದ್ದರೆ ಸಾಮಾನ್ಯವಾಗಿ ಮೊಟ್ಟೆ ಹೆಚ್ಚು, ಆಯುಸ್ಸು ಕಡಿಮೆ. ಈ ಮಾತು ಸುಮಾರಾಗಿ ಸರಿ. ಆದರೆ ಕಳೆದ ಇಪ್ಪತ್ತೈದು ವರ್ಷಗಳ ಸಂಶೋಧನೆಯ ದೊಡ್ಡ ಪಾಲು ನಡೆದಿರುವುದು ಈ 'ಸುಮಾರು' ಎಲ್ಲಿ ತಪ್ಪುತ್ತದೆ ಎಂದು ಹುಡುಕುವುದರಲ್ಲೇ.

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರದ ಮನೆಗಳಲ್ಲಿ ಇದನ್ನು ನೊಣ ಎನ್ನುವವರು ಕಡಿಮೆ. ಬಾಳೆಗೊನೆ ತೂಗುಹಾಕಿದ ಮೂಲೆಯಲ್ಲಿ, ಹಲಸು ಬಿಡಿಸಿ ಸಿಪ್ಪೆ ಎಸೆದ ತಿಪ್ಪೆಯ ಮೇಲೆ ಮೋಡದಂತೆ ಏಳುವ ಇದು ನುಸಿ, ಇಲ್ಲವೇ ನೊರಜು. ರೈತರು 'ಹಣ್ಣು ನೊಣ' ಎಂದು ಬೈಯುವುದು ಬೇರೆಯದನ್ನು. ಮಾವಿಗೆ ಮೊಟ್ಟೆಯಿಟ್ಟು ಒಳಗೆಲ್ಲ ಹುಳು ಮಾಡುವ ಬ್ಯಾಕ್ಟ್ರೊಸೆರ ಡಾರ್ಸಾಲಿಸ್, ಹೀರೆ, ಹಾಗಲ, ಸೌತೆ ಕೆಡಿಸುವ ಜ್ಯೂಗೊಡಾಕಸ್ ಕುಕರ್ಬಿಟೆ, ಇವೆರಡೂ ಟೆಫ್ರಿಟಿಡೇ ಕುಟುಂಬಕ್ಕೆ ಸೇರಿದ ದೊಡ್ಡ ನೊಣಗಳು. ಅವು ಗಟ್ಟಿಯಾದ ಕಾಯನ್ನೇ ಚುಚ್ಚುತ್ತವೆ. ಡ್ರಾಸೊಫಿಲ ಪ್ರಭೇದಗಳಲ್ಲಿ ಹೆಚ್ಚಿನವಕ್ಕೆ ಕೆಟ್ಟ ಹಣ್ಣೇ ಬೇಕು. ಹಣ್ಣಿಗಿಂತಲೂ ಅದರ ಮೇಲೆ ಹುಳಿಯೆಬ್ಬಿಸುವ ಯೀಸ್ಟ್ ಬೇಕು. ಈ ಲೇಖನದ ವಿಷಯ ಡ್ರಾಸೊಫಿಲ. ತೋಟದ ಶತ್ರುವಿನ ಮಾತು ಕೊನೆಯಲ್ಲಿ ಬರುತ್ತದೆ.

ನೆಲೆ

ಮೈಸೂರು ಸಂಸ್ಥಾನದ ಕಾಲದಲ್ಲಿ ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಆ ಜಿಲ್ಲೆಯ ಬಯಲು ಮುಖ ಕಡೂರು. ಬಾಬಾಬುಡನ್ ಗಿರಿಯ ಮಳೆನೆರಳಿನಲ್ಲಿರುವ ತೆಂಗು, ರಾಗಿಯ ಸೀಮೆ ಅದು. ತರೀಕೆರೆಯ ಪಡುವಣ ಅಂಚಿನಲ್ಲಿ ಕೆಮ್ಮಣ್ಣುಗುಂಡಿ ಮತ್ತು ಭದ್ರಾ ಅಣೆಕಟ್ಟಿನ ಲಕ್ಕವಳ್ಳಿ. ಅಲ್ಲಿ ಅಡಿಕೆ, ಬಾಳೆ, ಕಾಫಿ, ತೇವ. ಅಮೃತಮಹಲ್ ದನಗಳಿಗೆ ಹೆಸರಾದ ಅಜ್ಜಂಪುರ ಮತ್ತೆ ಬಯಲು. ಒಂದೇ ಬಸ್ಸಿನಲ್ಲಿ ಅರ್ಧ ದಿನದಲ್ಲಿ ಸುತ್ತಿಬರಬಹುದಾದ ಈ ಮೂರು ಊರುಗಳ ನಡುವೆ ಮಳೆ, ಬಿಸಿಲು, ಹಣ್ಣಿನ ಕಾಲ ಮೂರೂ ಬೇರೆಯಾಗುತ್ತವೆ. ಕೆಲವೇ ವಾರ ಬದುಕುವ ಪ್ರಾಣಿಗೆ ಅದು ಸಣ್ಣ ವ್ಯತ್ಯಾಸವೇನಲ್ಲ. ಮೈಸೂರಿನ ಚಾಮುಂಡಿ ಬೆಟ್ಟದಲ್ಲಿ ಬಿ. ಆರ್. ಗುರುಪ್ರಸಾದ್, ಎಸ್. ಎನ್. ಹೆಗಡೆ, ಎಂ. ಎಸ್. ಕೃಷ್ಣ ಅವರು 20 ಡ್ರಾಸೊಫಿಲ ಪ್ರಭೇದಗಳ ಲೆಕ್ಕ ಹಿಡಿದು 2010ರಲ್ಲಿ ಪ್ರಕಟಿಸಿದರು. ಕಾಲ ಬದಲಾದಂತೆಯೂ ಬೆಟ್ಟ ಏರಿದಂತೆಯೂ ನೊಣಗಳ ಸಂಖ್ಯೆ ಹೇಗೆ ಬದಲಾಗುತ್ತದೆ ಎಂಬುದು ಅಲ್ಲಿನ ಪ್ರಶ್ನೆ. ಇಂಥ ಏರುಪೇರಿನಲ್ಲಿ ಈಗ ಮೊಟ್ಟೆ ಇಡಲೋ, ಸ್ವಲ್ಪ ಕಾದು ನೋಡಲೋ ಎಂಬ ತೀರ್ಮಾನ ಪ್ರತಿ ಹೆಣ್ಣು ನೊಣದ ಒಡಲಲ್ಲೂ ಆಗಬೇಕು. ಅದನ್ನು ಮಾಡುವುದು ಹಾರ್ಮೋನು.

ಕರ್ನಾಟಕದ ಪ್ರಯೋಗಾಲಯಗಳು

ಭಾರತದಲ್ಲಿ ಡ್ರಾಸೊಫಿಲ ಅಧ್ಯಯನದ ಹಳೆಯ ನೆಲೆಗಳಲ್ಲಿ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯೂ ಒಂದು. ಅಲ್ಲಿನ ಪ್ರಾಣಿಶಾಸ್ತ್ರ ವಿಭಾಗದ ಜಿ. ಶ್ರೀರಾಮ ರೆಡ್ಡಿ, ಎನ್. ಬಿ. ಕೃಷ್ಣಮೂರ್ತಿ ಮೊದಲಾದವರು ದಕ್ಷಿಣದ ಕಾಡು ಬೆಟ್ಟಗಳನ್ನು ಜಾಲಾಡಿ ಹೊಸ ಪ್ರಭೇದಗಳನ್ನು ವರ್ಣಿಸಿದರು. 1970ರ ಡ್ರಾಸೊಫಿಲ ಮೈಸೂರೆನ್ಸಿಸ್ ಅವುಗಳಲ್ಲೊಂದು. ಎಚ್. ಎ. ರಂಗನಾಥ್ ಮತ್ತು ಎನ್. ಬಿ. ರಾಮಚಂದ್ರ ಎಂಟು ವರ್ಣತಂತುಗಳ ನಸೂಟ, ಆರು ವರ್ಣತಂತುಗಳ ಆಲ್ಬೊಮಿಕಾನ್ಸ್ ನೊಣಗಳನ್ನು ಕೂಡಿಸಿ, ಮಿಶ್ರತಳಿಗಳನ್ನು ತಲೆಮಾರುಗಟ್ಟಲೆ ಸಾಕಿ, ಪ್ರಯೋಗಾಲಯದಲ್ಲೇ ಹೊಸ 'ಸೈಟೊರೇಸ್'ಗಳನ್ನು, ಅಂದರೆ ವರ್ಣತಂತು ಜೋಡಣೆಯೇ ಬೇರೆಯಾದ ತಳಿಗಳನ್ನು, ಪಡೆದರು. ನೂರಾರು ತಳಿಗಳನ್ನು ಕಾಪಾಡುವ ಡ್ರಾಸೊಫಿಲ ತಳಿ ಕೇಂದ್ರ ಇರುವುದೂ ಅಲ್ಲೇ.

ಮೈಸೂರಿನ ನೊಣಗಳ ಊಟ ಕೇಳಿದರೆ ಯಾರ ಬಾಯಲ್ಲೂ ನೀರೂರಬೇಕು. ಒಂದು ಲೀಟರ್ ನೀರಿಗೆ 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, ಗಟ್ಟಿಯಾಗಲು ಒಂದಿಷ್ಟು ಅಗರ್. ಕುದಿಸಿ ಇಳಿಸಿದ ಮೇಲೆ ಬೂಸಲು ಬಾರದಿರಲು 7.5 ಮಿಲಿಲೀಟರ್ ಪ್ರೊಪಿಯಾನಿಕ್ ಆಮ್ಲ. ಬಿಸಿಯಾಗಿರುವಾಗಲೇ ಬಾಟಲಿಗೆ ಸುರಿದು, ಆರಿದ ಮೇಲೆ ಯೀಸ್ಟ್ ಹಾಕಿ, ಹತ್ತಿಯ ಬಿರಡೆ ಬಿಗಿದರೆ ಸಂಸಾರ ಸಿದ್ಧ. ತುಪ್ಪ ಹಾಕದ ಸಜ್ಜಿಗೆ ಎನ್ನಬಹುದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವೆಯ ಬದಲು ಬಾಳೆಹಣ್ಣು. ಅಲ್ಲೂ ಬೆಲ್ಲ ಬಿಟ್ಟಿಲ್ಲ. ಆದರೆ ಹೆಣ್ಣಿಗೆ ನಿಜವಾದ ಊಟ ಮೇಲಿನ ಯೀಸ್ಟೇ. ಬೆಲ್ಲದಿಂದ ಹಾರಾಟಕ್ಕೆ ಶಕ್ತಿ ಬರುತ್ತದೆ, ಮೊಟ್ಟೆಗೆ ಬೇಕಾದ ಪ್ರೋಟೀನು ಬರುವುದಿಲ್ಲ. ಯೀಸ್ಟ್ ಹೆಚ್ಚಿಸಿದರೆ ಮೊಟ್ಟೆ ಏರುತ್ತದೆ. ಒಂದು ಮಿತಿ ದಾಟಿದರೆ ಆಯುಸ್ಸು ಇಳಿಯುತ್ತದೆ.

ಮೂರು ಸುದ್ದಿಗಾರರು

ನೊಣದ ಮಿದುಳಿನ ನಡುಭಾಗದಲ್ಲಿ, ಎಡಬಲ ಸೇರಿ ಹೆಚ್ಚೆಂದರೆ ಹದಿನಾಲ್ಕು ಹದಿನೈದು ಜೀವಕೋಶಗಳ ಒಂದು ಗುಂಪಿದೆ. ಹೊಟ್ಟೆಗೆ ಆಹಾರ ಬಿದ್ದ ಸುದ್ದಿಯನ್ನು ಇನ್ಸುಲಿನ್‌ನಂಥ ಪೆಪ್ಟೈಡುಗಳ ಮೂಲಕ ಮೈಗೆಲ್ಲ ಮುಟ್ಟಿಸುವುದು ಇದರ ಕೆಲಸ. ಇಂಥ ಎಂಟು ಪೆಪ್ಟೈಡುಗಳು ನೊಣದಲ್ಲಿವೆ. 2001ರ ಏಪ್ರಿಲ್‌ನಲ್ಲಿ 'ಸೈನ್ಸ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ವರದಿ ಬಂದವು. ಮಾರ್ಕ್ ಟಾಟರ್ ತಂಡ ಇನ್ಸುಲಿನ್ ಗ್ರಾಹಿಯ ವಂಶವಾಹಿ ಕೆಟ್ಟ ಕುಳ್ಳ ಹೆಣ್ಣು ನೊಣಗಳ ಆಯುಸ್ಸು ಶೇ. 85ರವರೆಗೆ ಹೆಚ್ಚಿದ್ದನ್ನು ಕಂಡಿತು. ಡೇವಿಡ್ ಕ್ಲಾನ್ಸಿ, ಲಿಂಡಾ ಪಾರ್ಟ್ರಿಜ್ ಮತ್ತಿತರರು ಅದೇ ಸಂದೇಶವನ್ನು ಜೀವಕೋಶದೊಳಗೆ ಮುಂದಕ್ಕೆ ದಾಟಿಸುವ 'ಚಿಕೊ' ವಂಶವಾಹಿ ಕೆಟ್ಟ ಹೆಣ್ಣುಗಳಲ್ಲಿ ಶೇ. 48ರವರೆಗೆ ಹೆಚ್ಚಳ ಕಂಡರು. ಚಿಕೊ ಎಂದರೆ ಸ್ಪ್ಯಾನಿಷ್‌ನಲ್ಲಿ ಪುಟ್ಟ ಹುಡುಗ. ಚಿಕ್ಕಮಗಳೂರಿನವರಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಈ ಅಂಕಿಗಳನ್ನು ಬೀಸಾಗಿ ಎತ್ತಿ ಹೇಳುವವರು ಮರೆಯುವ ಸಂಗತಿಯೊಂದಿದೆ. ಆ ಶೇ. 85 ಒಂದು ನಿರ್ದಿಷ್ಟ ವಂಶವಾಹಿ ಜೋಡಣೆಯ ಹೆಣ್ಣುಗಳದು. ಅದೇ ಗ್ರಾಹಿಯ ಬೇರೆ ಎಷ್ಟೋ ದೋಷಗಳು ಆಯುಸ್ಸನ್ನು ಹೆಚ್ಚಿಸುವುದೇ ಇಲ್ಲ, ಕೆಲವು ನೊಣವನ್ನೇ ಕೊಲ್ಲುತ್ತವೆ.

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಗೈತಿ ಹಸನ್ ಅವರ ಗುಂಪು ಈ ಇನ್ಸುಲಿನ್ ಕೋಶಗಳಲ್ಲಿ ಕ್ಯಾಲ್ಸಿಯಂ ಹೇಗೆ ಓಡಾಡುತ್ತದೆ ಎಂಬುದನ್ನು ಬೆನ್ನುಹತ್ತಿತು. ಜೀವಕೋಶದೊಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಹೊರಬಿಡುವ ಐಪಿ3 ಗ್ರಾಹಿ ಕೆಟ್ಟ ನೊಣಗಳ ಹಾರಾಟ, ಕೊಬ್ಬು, ಹಸಿವು ಮೂರೂ ತಪ್ಪುತ್ತವೆ. ಅದಕ್ಕೂ ಮೊದಲೇ, 1997ರಲ್ಲಿ, ಕೆ. ವೆಂಕಟೇಶ್ ಮತ್ತು ಹಸನ್ ಅದೇ ಗ್ರಾಹಿ ಕೆಟ್ಟರೆ ಮರಿಹುಳುವಿನಲ್ಲಿ ಎಕ್ಡೈಸೋನ್ ಬಿಡುಗಡೆಯೂ ರೂಪಾಂತರವೂ ಏರುಪೇರಾಗುವುದನ್ನು ತೋರಿಸಿದ್ದರು.

ಎಕ್ಡೈಸೋನ್ ಪರಿಚಯಕ್ಕೆ ಕರ್ನಾಟಕದವರು ನೊಣದ ಬಳಿ ಹೋಗಬೇಕಿಲ್ಲ. ಹಿಪ್ಪುನೇರಳೆ ಬೆಳೆದು ಹುಳು ಸಾಕಿದವರಿಗೆ ಅದರ ಕೆಲಸ ಗೊತ್ತು. ಹುಳು ಮೇವು ಬಿಟ್ಟು, ತಲೆ ಎತ್ತಿ, ಹಳೆಯ ಚರ್ಮ ಕಳಚುವ ಹೊತ್ತನ್ನು ಸಾಕಣೆದಾರರು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳು ಕೊನೆಗೆ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಏರುತ್ತದೆ. ಪ್ರತಿ ಜ್ವರದ ಹಿಂದೆಯೂ, ಹಣ್ಣಾಗುವುದರ ಹಿಂದೆಯೂ ಎಕ್ಡೈಸೋನ್ ಏರಿಕೆ ಇದೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಹೊರತಂದ 'ಸಂಪೂರ್ಣ' ಎಂಬುದು ಗಿಡಮೂಲದ ಎಕ್ಡೈಸೋನ್ ಬಗೆಯದೇ. ಸೊಪ್ಪಿಗೆ ಸಿಂಪಡಿಸಿ ಕೊಟ್ಟರೆ ಹುಳುಗಳು ಹೆಚ್ಚುಕಡಿಮೆ ಒಟ್ಟಿಗೆ ಹಣ್ಣಾಗುತ್ತವೆ, ಹುಳು ಆರಿಸುವ ಕೂಲಿ ಉಳಿಯುತ್ತದೆ. ಮೊದಲು ಈ ಹಾರ್ಮೋನನ್ನು ಬೇರ್ಪಡಿಸಿದ್ದೂ ರೇಷ್ಮೆಹುಳುವಿನಿಂದಲೇ. 1954ರಲ್ಲಿ ಬುಟೆನಾಂಡ್ಟ್ ಮತ್ತು ಕಾರ್ಲ್‌ಸನ್ 500 ಕಿಲೊ ಕೋಶದ ಹುಳು ಅರೆದು ಪಡೆದ ಹರಳು 25 ಮಿಲಿಗ್ರಾಂ.

ಬೆಳೆದ ನೊಣಕ್ಕೆ ಜ್ವರವಿಲ್ಲ, ಕಳಚಲು ಚರ್ಮವಿಲ್ಲ. ಆದರೂ ಎಕ್ಡೈಸೋನ್ ನಿಲ್ಲುವುದಿಲ್ಲ. ಹೆಣ್ಣಿನ ಅಂಡಾಶಯ ಅದನ್ನು ಮಾಡಿಕೊಂಡು ಮೊಟ್ಟೆಗೆ ಹಳದಿ ತುಂಬಿಸಲು ಬಳಸುತ್ತದೆ. 2003ರಲ್ಲಿ ಆನ್ ಸೈಮನ್, ಸೀಮೂರ್ ಬೆನ್ಝರ್ ಮತ್ತಿತರರು ಎಕ್ಡೈಸೋನ್ ಗ್ರಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟ ನೊಣಗಳು ಶೇ. 40ರಿಂದ 50ರಷ್ಟು ಹೆಚ್ಚು ಬದುಕುತ್ತವೆ ಎಂದು ವರದಿ ಮಾಡಿದರು. ಹಾರ್ಮೋನೇ ಕಡಿಮೆಯಿರುವ ಇನ್ನೊಂದು ತಳಿಯೂ ಹೆಚ್ಚು ಬದುಕಿತು. ಅದಕ್ಕೆ ಹಾರ್ಮೋನು ತಿನ್ನಿಸಿದಾಗ ಆಯುಸ್ಸು ಮಾಮೂಲಿಗೆ ಇಳಿಯಿತು.

ಮೂರನೆಯದು ಜುವೆನೈಲ್ ಹಾರ್ಮೋನು, ಅಂದರೆ ಎಳೆತನದ ಹಾರ್ಮೋನು. ಮರಿಹುಳುವಿನಲ್ಲಿ ಇದು ಹುಳುವನ್ನು ಹುಳುವಾಗಿಯೇ ಇರಿಸುತ್ತದೆ. ಬೆಳೆದ ಹೆಣ್ಣಿನಲ್ಲಿ ಇದರ ಪಾತ್ರ ತಲೆಕೆಳಗು. ಮಿದುಳಿನ ಹಿಂದಿರುವ ಕಾರ್ಪೊರ ಅಲಾಟ ಗ್ರಂಥಿಯಿಂದ ಹೊರಟು ಅಂಡಾಶಯವನ್ನು ಹಣ್ಣಾಗಿಸುತ್ತದೆ. ಹೆಸರು ಎಳೆತನದ್ದು, ಕೆಲಸ ಬಸಿರಿನದು. ಥಾಮಸ್ ಫ್ಲಾಟ್ ಮತ್ತು ಟಡೆಯುಷ್ ಕವೆಟ್ಸ್ಕಿ 2007ರಲ್ಲಿ ಈ ಹಾರ್ಮೋನಿನ ನಕಲಾದ ಮೆಥೊಪ್ರೀನ್ ಕೊಟ್ಟು ನೋಡಿದರು: ಮೊಟ್ಟೆ ಏರಿತು, ಆಯುಸ್ಸು ಇಳಿಯಿತು. ಇನ್ಸುಲಿನ್ ಗ್ರಾಹಿ ಕೆಟ್ಟ ಟಾಟರ್ ನೊಣಗಳಲ್ಲೂ ಜುವೆನೈಲ್ ಹಾರ್ಮೋನು ಕಡಿಮೆಯಿತ್ತು. ಹಾಗಾಗಿ ಮೂವರೂ ಬೇರೆ ಬೇರೆ ದಾರಿ ಹಿಡಿದವರಲ್ಲ, ಒಬ್ಬರ ಸುದ್ದಿ ಇನ್ನೊಬ್ಬರ ಕಿವಿಗೆ ಬೀಳುತ್ತದೆ.

ಗಂಡಿನ ಪಾಲು

ಕೂಡಿಕೆಯ ನಂತರ ಹೆಣ್ಣು ನೊಣ ಬೇರೆಯೇ ಪ್ರಾಣಿಯಾಗುತ್ತದೆ. ಹೊಸ ಗಂಡುಗಳನ್ನು ಒದ್ದೋಡಿಸುತ್ತದೆ, ಹೆಚ್ಚು ತಿನ್ನುತ್ತದೆ, ಮೊಟ್ಟೆ ಸುರಿಯುತ್ತದೆ. ಇದಕ್ಕೆ ಮುಖ್ಯ ಕಾರಣ ವೀರ್ಯದ್ರವದಲ್ಲಿರುವ 'ಸೆಕ್ಸ್ ಪೆಪ್ಟೈಡ್' ಎಂಬ 36 ಅಮೈನೊ ಆಮ್ಲಗಳ ತುಣುಕು. ಇದನ್ನು 1988ರಲ್ಲಿ ಜ್ಯೂರಿಕ್‌ನಲ್ಲಿ ಗುರುತಿಸಲಾಯಿತು. ಶುಕ್ರಾಣುವಿನ ಬಾಲಕ್ಕೆ ಅಂಟಿಕೊಂಡು ಹೆಣ್ಣಿನ ಒಡಲಲ್ಲಿ ದಿನಗಟ್ಟಲೆ ಮೆಲ್ಲಮೆಲ್ಲನೆ ಬಿಡುಗಡೆಯಾಗುವ ಇದು ಹೆಣ್ಣಿನ ಜುವೆನೈಲ್ ಹಾರ್ಮೋನನ್ನೂ ಎಬ್ಬಿಸುತ್ತದೆ. ಗಂಡಿನ ದ್ರವ ಹೆಣ್ಣಿನ ಗ್ರಂಥಿಗೆ ಅಪ್ಪಣೆ ಕೊಡುತ್ತದೆ ಎಂದಾಯಿತು. ಈ ದ್ರವದ ಪ್ರೋಟೀನುಗಳು ಹೆಣ್ಣಿನ ಆಯುಸ್ಸನ್ನು ತಗ್ಗಿಸುತ್ತವೆ ಎಂದು ಟ್ರೇಸಿ ಚಾಪ್‌ಮನ್ ಮತ್ತಿತರರು 1995ರಲ್ಲಿ ತೋರಿಸಿದರು.

ಈ ಕಥೆಗೆ ಮೈಸೂರಿನ ಕೊಂಡಿಯೂ ಇದೆ. ಮಾನಸಗಂಗೋತ್ರಿಯಲ್ಲಿ ಎಸ್. ಆರ್. ರಮೇಶ್ ಅವರ ಜೊತೆ ನಸೂಟ ಗುಂಪಿನ ಗಂಡುನೊಣಗಳ ಸಹಾಯಕ ಗ್ರಂಥಿಯ ಪ್ರೋಟೀನುಗಳನ್ನು ಅಭ್ಯಸಿಸಿದ ಕೆ. ರವಿ ರಾಮ್ ಮುಂದೆ ಕಾರ್ನೆಲ್‌ನ ಮರಿಯಾನ ವೂಲ್ಫ್‌ನರ್ ಪ್ರಯೋಗಾಲಯ ಸೇರಿ, ಇದೇ ವಿಷಯದ ಮೇಲೆ ಹೆಚ್ಚು ಓದಲಾಗುವ ಸಮೀಕ್ಷೆಯನ್ನು 2007ರಲ್ಲಿ ಅವರೊಂದಿಗೆ ಬರೆದರು. ಎಂ. ಎಸ್. ಕೃಷ್ಣ ಮತ್ತು ಅವರ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆ ಇನ್ನೂ ಕುತೂಹಲದ್ದು: ಗಂಡಿಗೆ ವಯಸ್ಸಾದರೆ ಹೆಣ್ಣು ಏನು ಮಾಡುತ್ತದೆ? ಬೈಪೆಕ್ಟಿನೇಟ ಎಂಬ ಪ್ರಭೇದದಲ್ಲಿ ಹೆಣ್ಣು ಒಲಿದದ್ದು ಪ್ರಾಯದ ಗಂಡಿಗಿಂತ ವಯಸ್ಸಾದ ಗಂಡಿಗೇ. ಮುದುಕನೆಂದರೆ ತಿರಸ್ಕಾರ ಎಂಬ ನಮ್ಮ ಊಹೆ ಬಾಟಲಿಯೊಳಗೆ ನಡೆಯುವುದಿಲ್ಲ.

ನೀರುಗಂಟಿಯ ಲೆಕ್ಕ

ಸಖರಾಯಪಟ್ಟಣದ ಅಯ್ಯನಕೆರೆಯಂಥ ದೊಡ್ಡ ಕೆರೆಯೊಂದನ್ನು ಮನಸ್ಸಿಗೆ ತಂದುಕೊಳ್ಳಿ. ತೂಬಿನಿಂದ ಎರಡು ಕಾಲುವೆ, ಒಂದು ಗದ್ದೆಗೆ, ಇನ್ನೊಂದು ತೋಟಕ್ಕೆ. ಗದ್ದೆಗೆ ಹೆಚ್ಚು ಬಿಟ್ಟರೆ ತೋಟ ಒಣಗುತ್ತದೆ. ಜೀವವಿಜ್ಞಾನಿಗಳು ಬಹಳ ಕಾಲ ಮೊಟ್ಟೆ ಮತ್ತು ಆಯುಸ್ಸನ್ನು ಕಂಡದ್ದು ಹೀಗೆಯೇ. ತಿಂದ ಆಹಾರ ಒಂದೇ ಕೆರೆ. ಮೊಟ್ಟೆಗೆ ಹೋದದ್ದು ಮೈ ದುರಸ್ತಿಗೆ ಉಳಿಯದು. ಹಾರ್ಮೋನು ತೂಬು ತಿರುವುವ ನೀರುಗಂಟಿ.

ಜಕ್ಕೂರಿನಲ್ಲಿ ಅಮಿತಾಭ್ ಜೋಷಿ, ಎನ್. ಜಿ. ಪ್ರಸಾದ್, ಮಲ್ಲಿಕಾರ್ಜುನ ಶಕರಾದ್ ಮತ್ತಿತರರು ನಡೆಸಿದ ದೀರ್ಘ ಪ್ರಯೋಗ ಈ ಕೆರೆಯ ಲೆಕ್ಕವನ್ನು ಕಣ್ಣಿಗೆ ಕಾಣುವಂತೆ ಮಾಡಿತು. ಪ್ರತಿ ತಲೆಮಾರಿನಲ್ಲೂ ಬೇಗ ಬೆಳೆದು ಬೇಗ ಮೊಟ್ಟೆಯಿಟ್ಟ ನೊಣಗಳ ಸಂತಾನವನ್ನಷ್ಟೇ ಮುಂದಕ್ಕೆ ಕೊಂಡೊಯ್ದರು. ಹತ್ತಾರು ತಲೆಮಾರುಗಳಲ್ಲಿ ಮೊಟ್ಟೆಯಿಂದ ನೊಣವಾಗುವ ಅವಧಿ ಹೆಚ್ಚುಕಡಿಮೆ ಕಾಲುಭಾಗ ಕುಗ್ಗಿತು. ಜೊತೆಗೆ ಮೈಯೂ ಕುಗ್ಗಿತು, ಮೊಟ್ಟೆಯೂ ಆಯುಸ್ಸೂ ಕಡಿಮೆಯಾದವು. ಗಮನಿಸಬೇಕಾದ್ದು ಇಷ್ಟು: ಇಲ್ಲಿ ಆಯುಸ್ಸು ಇಳಿದಾಗ ಮೊಟ್ಟೆ ಏರಲಿಲ್ಲ, ಎರಡೂ ಒಟ್ಟಿಗೆ ಇಳಿದವು. ಅವಸರದಲ್ಲಿ ಬೆಳೆದ ಮರಿಹುಳು ಕೆರೆಯನ್ನೇ ಅರೆಬರೆ ತುಂಬಿಸಿಕೊಂಡಿತ್ತು. ಅದೇ ಸಂಸ್ಥೆಯ ವಾಸು ಶೀಬಾ, ವಿಜಯ್ ಕುಮಾರ್ ಶರ್ಮ ಮೊದಲಾದವರು 2000ದಲ್ಲಿ ಇನ್ನೊಂದು ಮಗ್ಗುಲಿನಿಂದ ನೋಡಿದರು. ಸದಾ ಬೆಳಕು, ಹಗಲು-ರಾತ್ರಿ, ಸದಾ ಕತ್ತಲು, ಈ ಮೂರರಲ್ಲಿ ಆಯುಸ್ಸು ಬದಲಾಗುವುದಕ್ಕೆ ಒಂದು ಪಾಲು ಕಾರಣ ಮೊಟ್ಟೆಯ ಸಂಖ್ಯೆಯೇ ಬದಲಾಗುವುದು ಎಂದು ಅವರು ತೀರ್ಮಾನಿಸಿದರು. ಒಂದು ಪಾಲು ಎಂಬ ಮಾತನ್ನು ಅವರು ಶೀರ್ಷಿಕೆಯಲ್ಲೇ ಇಟ್ಟದ್ದು ಸರಿಯಾದ ಎಚ್ಚರ.

ಉಳಿದ ಪಾಲು ಯಾವುದು ಎಂಬಲ್ಲಿ ಕೆರೆಯ ಉಪಮೆ ಬಿರುಕು ಬಿಡುತ್ತದೆ. 2009ರಲ್ಲಿ ರಿಚರ್ಡ್ ಗ್ರ್ಯಾಂಡಿಸನ್, ಮ್ಯಾಥ್ಯೂ ಪೈಪರ್ ಮತ್ತು ಸಂಗಡಿಗರು ಅರೆಹೊಟ್ಟೆಯ ನೊಣಗಳಿಗೆ ಮೆಥಿಯೊನಿನ್ ಎಂಬ ಒಂದೇ ಒಂದು ಅಮೈನೊ ಆಮ್ಲ ಸೇರಿಸಿ ಕೊಟ್ಟರು. ಮೊಟ್ಟೆ ಹೊಟ್ಟೆತುಂಬ ಉಂಡ ನೊಣಗಳ ಮಟ್ಟಕ್ಕೆ ಏರಿತು, ಆಯುಸ್ಸು ಇಳಿಯಲಿಲ್ಲ. ಗದ್ದೆಗೂ ನೀರು, ತೋಟಕ್ಕೂ ನೀರು. 2013ರಲ್ಲಿ ಟಾಟರ್ ಗುಂಪಿನ ಯಮಮೊಟೊ ಮತ್ತಿತರರು ಜುವೆನೈಲ್ ಹಾರ್ಮೋನಿನ ಗ್ರಂಥಿಯನ್ನೇ ಅಳಿಸಿದರು. ಮೊಟ್ಟೆ ಕಡಿಮೆಯಾಯಿತು, ಆಯುಸ್ಸು ಹೆಚ್ಚಿತು; ಇದು ನಿರೀಕ್ಷೆಯಂತೆಯೇ. ಆದರೆ ಮೊದಲೇ ಬಂಜೆಯಾಗಿದ್ದ ನೊಣಗಳಲ್ಲೂ ಗ್ರಂಥಿ ಅಳಿಸಿದಾಗ ಆಯುಸ್ಸು ಹೆಚ್ಚಿತು. ಗದ್ದೆಯ ಕಾಲುವೆ ಮುಚ್ಚಿಯೇ ಇದ್ದಾಗ ಉಳಿದ ನೀರೆಲ್ಲಿಂದ ಬಂತು? ನೀರುಗಂಟಿಯ ಅಪ್ಪಣೆಯೇ ತೋಟವನ್ನು ಕೆಡಿಸುತ್ತಿತ್ತು ಎನ್ನದೆ ಬೇರೆ ದಾರಿ ಕಾಣದು.

ಹೇಗೆ ಕೆಡಿಸುತ್ತದೆ ಎಂಬುದಕ್ಕೆ ಈವರೆಗೆ ಸಿಕ್ಕ ಅತ್ಯಂತ ಮೂರ್ತವಾದ ಉತ್ತರ ಕರುಳಿನದು. ಕೂಡಿಕೆಯ ನಂತರ ಹೆಣ್ಣಿನ ಕರುಳು ನಿಜಕ್ಕೂ ದಪ್ಪವಾಗುತ್ತದೆ. ಜುವೆನೈಲ್ ಹಾರ್ಮೋನು ಇದನ್ನು ಮಾಡಿಸುತ್ತದೆ ಎಂದು 2015ರಲ್ಲಿ ತಿಳಿಯಿತು. ಅಂಡಾಶಯದ ಎಕ್ಡೈಸೋನ್ ಕೂಡ ಕರುಳಿನ ಕಾಂಡಕೋಶಗಳನ್ನು ಎಬ್ಬಿಸಿ ವಿಭಜನೆಗೆ ಹಚ್ಚುತ್ತದೆ ಎಂದು ಬ್ರೂಸ್ ಎಡ್ಗರ್ ಅವರ ತಂಡ 2020ರಲ್ಲಿ ತೋರಿಸಿತು. ಕರುಳು ದೊಡ್ಡದಾದರೆ ಹೆಚ್ಚು ಊಟ, ಹೆಚ್ಚು ಮೊಟ್ಟೆ. ಆದರೆ ಎದ್ದ ಕಾಂಡಕೋಶಗಳು ಮುಪ್ಪಿನಲ್ಲಿ ಸುಮ್ಮನಾಗುವುದಿಲ್ಲ. ಕರುಳಿನ ಒಳಪದರ ಅಂದಗೆಟ್ಟು, ಗಂತಿಗಳಿಗೆ ಎಡೆಯಾಗುತ್ತದೆ. ಎಳೆಯ ಹೆಣ್ಣಿಗೆ ವರವಾದ ಸಂದೇಶವೇ ಮುದಿ ಹೆಣ್ಣಿಗೆ ಶಾಪ; ಇಲ್ಲಿ ಕೊರತೆ ಆಹಾರದ್ದಲ್ಲ.

ಪ್ರಯೋಗಾಲಯದ ಹೊರಗೂ ಈ ಹಾರ್ಮೋನು ತಾನಾಗಿ ತಗ್ಗುವುದುಂಟು. ಶೀತ ದೇಶಗಳಲ್ಲಿ ಡ್ರಾಸೊಫಿಲ ಮೆಲನೊಗ್ಯಾಸ್ಟರ್ ಹೆಣ್ಣು ಚಳಿಗಾಲವನ್ನು ಬಲಿಯದ ಅಂಡಾಶಯದೊಂದಿಗೆ ಕಳೆಯುತ್ತದೆ. ಹಗಲು ಕುಗ್ಗಿ ತಾಪ ಹನ್ನೊಂದು ಡಿಗ್ರಿಯ ಆಸುಪಾಸಿಗೆ ಇಳಿದಾಗ ಜುವೆನೈಲ್ ಹಾರ್ಮೋನು ಕಡಿಮೆಯಾಗಿ, ಮೊಟ್ಟೆಯೂ ಮುಪ್ಪೂ ಒಟ್ಟಿಗೆ ಮುಂದೂಡಲ್ಪಡುತ್ತವೆ. ಕಡೂರಿನ ಮಾಗಿ ಎಷ್ಟೇ ಕೊರೆದರೂ ಹಗಲೂ ರಾತ್ರಿ ಅಷ್ಟಕ್ಕೆ ಇಳಿದು ವಾರಗಟ್ಟಲೆ ನಿಲ್ಲುವುದಿಲ್ಲ. ಇಲ್ಲಿನ ನೊಣಕ್ಕೆ ಕಷ್ಟಕಾಲವೆಂದರೆ ಬೇಸಿಗೆ, ಹಣ್ಣಿಲ್ಲದ ಒಣ ದಿನಗಳು.

ತೋಟದಲ್ಲಿ, ಪಾಠದಲ್ಲಿ

ಮೊದಲು ಹೇಳಿದ ಮಾವಿನ, ಹಾಗಲದ ನೊಣಗಳಿಗೂ ಇದೇ ಹಾರ್ಮೋನುಗಳಿವೆ. ನಮ್ಮ ತೋಟಗಳಲ್ಲಿ ತೂಗುವ ಮೋಹಕ ಬಲೆಗಳು ಗಂಡನ್ನು ಸೆಳೆಯುವುದು ವಾಸನೆಯಿಂದ: ಮಾವಿಗೆ ಮಿಥೈಲ್ ಯೂಜಿನಾಲ್, ಬಳ್ಳಿ ತರಕಾರಿಗೆ ಕ್ಯೂ-ಲ್ಯೂರ್. ಹಾರ್ಮೋನಿನ ಬಳಕೆ ಕಾಣುವುದು ಬಂಜೆ ಗಂಡುಗಳನ್ನು ಸಾಕಿ ಬಿಡುವ ದೇಶಗಳ ಕಾರ್ಯಕ್ರಮಗಳಲ್ಲಿ. ಮೆಥೊಪ್ರೀನ್ ಸವರಿ, ಪ್ರೋಟೀನು ತಿನ್ನಿಸಿದರೆ ಈ ಗಂಡುಗಳು ಬೇಗ ಪ್ರಾಯಕ್ಕೆ ಬರುತ್ತವೆ, ಸಾಕುವ ದಿನಗಳು ಉಳಿಯುತ್ತವೆ. ಈ ಅಧ್ಯಯನಗಳಿಂದ ಮನುಷ್ಯರ ಆಯುಸ್ಸಿಗೆ ಔಷಧ ಹುಡುಕುವ ಉತ್ಸಾಹ ಆಗಾಗ ಪತ್ರಿಕೆಗಳಲ್ಲಿ ಉಕ್ಕುತ್ತದೆ. ಇನ್ಸುಲಿನ್ ಸಂದೇಶದ ಸರಪಳಿ ನಮ್ಮಲ್ಲೂ ಇದೆ ಎಂಬುದು ನಿಜ. ಜುವೆನೈಲ್ ಹಾರ್ಮೋನು ನಮ್ಮ ಮೈಯಲ್ಲಿ ತಯಾರಾಗುವುದಿಲ್ಲ ಎಂಬುದೂ ಅಷ್ಟೇ ನಿಜ.

ಈ ಮೂರು ತಾಲ್ಲೂಕುಗಳಿಂದ ಪ್ರಾಣಿಶಾಸ್ತ್ರ ಓದಲು ಹೊರಟವರಿಗೆ ಹತ್ತಿರದ ಒಂದು ಸ್ನಾತಕೋತ್ತರ ನೆಲೆ ಲಕ್ಕವಳ್ಳಿಯ ಪಕ್ಕದಲ್ಲೇ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ. ಅಲ್ಲಾಗಲಿ, ಊರಿನ ಪದವಿ ಕಾಲೇಜಿನಲ್ಲಾಗಲಿ, ತಳಿ ಸಂಕರದ ಪ್ರಯೋಗಕ್ಕೆ ಬೇಕಾದ್ದು ಕನ್ಯೆ ನೊಣ. ಅದನ್ನು ಹೆಕ್ಕುವ ರೀತಿ ಎಲ್ಲೆಲ್ಲೂ ಹೆಚ್ಚುಕಡಿಮೆ ಒಂದೇ. ಬಾಟಲಿಯಲ್ಲಿ ಇರುವ ನೊಣಗಳನ್ನೆಲ್ಲ ಹೊರಗೆ ಕೊಡವಬೇಕು. ಆಮೇಲೆ ಕೋಶ ಒಡೆದು ಬಂದವನ್ನು 25 ಡಿಗ್ರಿಯಲ್ಲಿ ಎಂಟು ಗಂಟೆ ಕಳೆಯುವುದರೊಳಗೆ ಬೇರ್ಪಡಿಸಬೇಕು. ಈಥರ್ ಹಾಕಿ ಮಲಗಿಸಿ, ಬಿಳಿ ಹಾಳೆಯ ಮೇಲೆ ಸುರಿದು, ಕುಂಚದ ತುದಿಯಿಂದ ಮಗುಚಿದರೆ ಹೊಸ ಹೆಣ್ಣು ಕೂಡಲೇ ಗೊತ್ತಾಗುತ್ತದೆ: ಮೈ ಬಿಳಿಚಿದ್ದು, ಹೊಟ್ಟೆಯ ಚರ್ಮದೊಳಗೆ ಮರಿಹುಳುವಿನ ಕಾಲದ ಊಟದ ಕಪ್ಪುಹಸಿರು ಚುಕ್ಕೆ ಇನ್ನೂ ಕಾಣುತ್ತಿರುತ್ತದೆ. ಎಂಟೇ ಗಂಟೆ ಎಂಬುದು ವಿದ್ಯಾರ್ಥಿಗಳು ಏಕೆಂದು ಕೇಳದೆ ಬಾಯಿಪಾಠ ಮಾಡುವ ನಿಯಮವಾಗಿತ್ತು. ಕಾರಣದ ಸುಳಿವು ಹಾರ್ಮೋನಿನಲ್ಲಿದೆ. ಲಿನ್ ರಿಡಿಫರ್ಡ್ ಮತ್ತಿತರರ 2013ರ ಪ್ರಯೋಗದಲ್ಲಿ ಜುವೆನೈಲ್ ಹಾರ್ಮೋನಿನ ಗ್ರಂಥಿ ಇಲ್ಲದ ಹೆಣ್ಣುಗಳು ಗಂಡಿಗೆ ಒಲಿಯಲು ಇನ್ನೂ ತಡಮಾಡಿದವು. ಹುಟ್ಟಿದ ಕೂಡಲೇ ಆ ಗ್ರಂಥಿ ಕೆಲಸಕ್ಕೆ ಇಳಿದಿರುತ್ತದೆ. ಅದರ ಮಾತು ಮೈಗೆ ಹತ್ತುವ ತನಕ ಹೆಣ್ಣು ಗಂಡನ್ನು ಹತ್ತಿರ ಬಿಡುವುದಿಲ್ಲ. ಕುಂಚ ಹಿಡಿದು ಬೆಳಗ್ಗೆ ಬೇಗ ಬಂದ ವಿದ್ಯಾರ್ಥಿಗೆ ಸಿಗುವ ಬಿಡುವು ಅಷ್ಟೇ.